ಕಪ್ಪು ಎಲೆಯ ಭಾನುವಾರ

ಪೆರಂಬೂರಿನ ನಮ್ಮ ಮನೆಯಲ್ಲಿ ಯಾವ ವಾಸನೆ ಎಲ್ಲಿಯವರೆಗೆ ಬರಬಹುದು ಅನ್ನುವುದನ್ನು ಅಜ್ಜಿ ಗೊತ್ತುಮಾಡಿದ್ದರು. ಅಡುಗೆಮನೆಯಲ್ಲಿ ಇಂಗಿನ ಒಗ್ಗರಣೆ, ಕಾಯಿಸಿದ ತುಪ್ಪ. ಪಕ್ಕದ ದೇವರ ಕೋಣೆಯಲ್ಲಿ ಗಂಧ, ತುಳಸಿ, ಆರಿದ ಬತ್ತಿ. ನಡುಮನೆಯಲ್ಲಿ ಇಸ್ತ್ರಿ ಮಾಡಿದ ಅಪ್ಪನ ಷರ್ಟು, ಅಮ್ಮನ ಪೌಡರು. ಕಿಟಕಿ ತೆಗೆದರೆ ಕಬ್ಬಿಣ, ಎಣ್ಣೆ, ಬಿಸಿಲಿಗೆ ಕಾದ ಜಲ್ಲಿಕಲ್ಲು ಎಲ್ಲವೂ ಕಲೆತ ರೈಲಿನ ವಾಸನೆ ನುಗ್ಗುತ್ತಿತ್ತು. ಅದೊಂದೇ ಅಜ್ಜಿಯ ಅಪ್ಪಣೆ ಕೇಳುತ್ತಿರಲಿಲ್ಲ. ತಾತನ ಪೈಪಿನ ಹೊಗೆಗೆ ಗೊತ್ತಾಗಿದ್ದ ಜಾಗ ತಾರಸಿ. ನಾವು ತಮಿಳಿನವರ ಹಾಗೆ ಅದನ್ನು ಮೊಟ್ಟೆಮಾಡಿ ಅನ್ನುತ್ತಿದ್ದೆವು. ನೀರಿನ ತೊಟ್ಟಿಯ ಪಕ್ಕದಲ್ಲಿ ತೆಂಗಿನ ಗರಿಯ ಚಪ್ಪರ, ಅದರ ಕೆಳಗೆ ಬೆತ್ತದ ಕುರ್ಚಿಗಳು, ಪೈಪುಗಳನ್ನು ಇಡಲು ಒಂದು ಮರದ ಪೆಟ್ಟಿಗೆ. ತಾತ ಸೇದಿ ಕೆಳಗೆ ಇಳಿದರೆ ನೇರವಾಗಿ ಬಚ್ಚಲಿಗೆ ಹೋಗಿ, ಮೈಗೆ ನೀರು ಹಾಕಿಕೊಂಡು, ಬೇರೆ ಪಂಚೆ ಉಟ್ಟ ಮೇಲೆಯೇ ಅಡುಗೆಮನೆಯ ಹೊಸ್ತಿಲ ಬಳಿ ನಿಲ್ಲಬಹುದಿತ್ತು. ಅಜ್ಜಿಯ ತಂದೆ ಇಡೀ ಆಯಸ್ಸು ನಸ್ಯ ಏರಿಸಿದವರು. ಅದನ್ನು ತಾತ ಎತ್ತಿದಾಗಲೆಲ್ಲ ಅಜ್ಜಿಯ ಉತ್ತರ ಸಿದ್ಧವಾಗಿರುತ್ತಿತ್ತು.

“ಅದು ಬೇರೆ, ಇದು ಬೇರೆ. ನಸ್ಯ ಅವರ ಮೂಗಿನೊಳಗೇ ಇರ್ತಿತ್ತು. ನಿಮ್ಮದು ಊರೆಲ್ಲಾ ಸುತ್ತುತ್ತೆ.”

ನಮ್ಮ ಅಡುಗೆಮನೆಯ ಇನ್ನೊಂದು ನಿಯಮವನ್ನು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ದೇವರಿಗೆ ನೈವೇದ್ಯ ಆಗುವವರೆಗೆ ಅಡುಗೆಯ ರುಚಿ ನೋಡುವಂತಿಲ್ಲ, ಮೂಸಿ ನೋಡುವಂತೆಯೂ ಇಲ್ಲ. ಹುಳಿಗೆ ಉಪ್ಪು ಸಾಕೋ ಬೇಕೋ ಅನ್ನುವುದನ್ನು ಕೈಯ ಅಂದಾಜಿನಲ್ಲೇ ತಿಳಿಯಬೇಕು. ಅಜ್ಜಿಗೆ ಅದು ಅರವತ್ತು ದಾಟಿದ ಮೇಲೂ ಆಗೀಗ ತಪ್ಪುತ್ತಿತ್ತು. ನನ್ನ ಸೋದರತ್ತೆ ಸರೋಜಾಗೆ ಮಾತ್ರ ತಪ್ಪುತ್ತಿರಲಿಲ್ಲ. ಅವಳು ಬೇಕೆಂದು ಮೂಸುತ್ತಿರಲಿಲ್ಲ. ನಡುಮನೆಯಲ್ಲಿ ಅಕ್ಕಿ ಆರಿಸುತ್ತಾ ಕೂತವಳು ತಲೆ ಎತ್ತದೆ, “ಅಮ್ಮಾ, ಸಾರಿಗೆ ಉಪ್ಪು ಬಿದ್ದಿಲ್ಲ” ಅನ್ನುತ್ತಿದ್ದಳು. ಉಪ್ಪಿಗೆ ವಾಸನೆಯೇ ಇಲ್ಲ, ಹೇಗೆ ಗೊತ್ತಾಗುತ್ತೆ ಅಂತ ನಾನು ಕೇಳಿದರೆ, ಉಪ್ಪು ಬಿದ್ದ ಮೇಲೆ ಉಳಿದ ವಾಸನೆಗಳೆಲ್ಲ ಒಂದಕ್ಕೊಂದು ಕೂಡಿಕೊಳ್ಳುತ್ತವೆ, ಬೀಳದಿದ್ದರೆ ಬೇರೆ ಬೇರೆಯಾಗಿ ನಿಂತಿರುತ್ತವೆ ಅನ್ನುತ್ತಿದ್ದಳು. ಅಷ್ಟು ಉದ್ದದ ಮಾತು ಅವಳ ಬಾಯಿಂದ ಬರುತ್ತಿದ್ದುದು ಅಪರೂಪ. ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಓದಿದ್ದಳು. ಫಲಿತಾಂಶ ಬಂದ ವರ್ಷವೇ ಮದುವೆಯಾಗಿ ತಿರುಚ್ಚಿಗೆ ಹೋದಳು. ಗಂಡನಿಗೆ ಆಗಲೇ ಬೇರೊಂದು ಸಂಸಾರವಿತ್ತು. ಅದು ತಿಳಿದ ಮೇಲೆ ಒಂದು ಪೆಟ್ಟಿಗೆ ಹಿಡಿದುಕೊಂಡು ವಾಪಸು ಬಂದಳು. ಮನೆಯಲ್ಲಿ ಯಾರೂ ಅವಳನ್ನು ಹೋಗು ಅನ್ನಲಿಲ್ಲ. ಆದರೆ ಮುಂದೇನು ಅಂತಲೂ ಯಾರೂ ಕೇಳಲಿಲ್ಲ. ಅಪ್ಪ ಬ್ಯಾಂಕಿಗೆ, ಅಮ್ಮ ಶಾಲೆಗೆ ಹೋದ ಮೇಲೆ ಮನೆಯಲ್ಲಿ ಉಳಿಯುತ್ತಿದ್ದವರು ಅಜ್ಜಿ, ತಾತ, ಅತ್ತೆ. ಮಧ್ಯಾಹ್ನ ಶಾಲೆಯಿಂದ ಬಂದರೆ ನಾನು. ಅತ್ತೆ ಬೆಳಗ್ಗೆ ಎದ್ದು ಮಡಿ ನೀರು ತರುತ್ತಿದ್ದಳು, ಸಂಜೆ ದೀಪ ಹಚ್ಚುತ್ತಿದ್ದಳು. ಬೀದಿಗೆ ಇಳಿಯುತ್ತಿರಲಿಲ್ಲ. ಇಳಿದರೆ ಎದುರು ಮನೆಯವರು, “ಎಪ್ಪ ವಂದೆ? ಎಪ್ಪ ಪೋರೆ?” ಅನ್ನುತ್ತಿದ್ದರು. ಯಾವಾಗ ಬಂದೆ, ಯಾವಾಗ ಹೋಗ್ತೀಯ ಅಂತ.

ಭಾನುವಾರ ಊಟವಾದ ಮೇಲೆ ತಾರಸಿಯ ಮೇಲೆ ತಾತನ ಸಭೆ ಸೇರುತ್ತಿತ್ತು. ತಾತ ರೈಲು ಬೋಗಿ ಕಾರ್ಖಾನೆಯಲ್ಲಿ ಆಸನಗಳ ವಿಭಾಗ ನೋಡಿಕೊಂಡು ನಿವೃತ್ತರಾದವರು. ಅಲ್ಲೇ ಅವರ ಜೊತೆ ಕೆಲಸ ಮಾಡಿದ್ದ ನೋಯೆಲ್ ಅಂಕಲ್ ಎರಡು ಬೀದಿಯಾಚೆ ಇದ್ದರು. ಆಂಗ್ಲೋ ಇಂಡಿಯನ್ನರು, ಮಾತು ಅರ್ಧ ತಮಿಳು, ಅರ್ಧ ಇಂಗ್ಲಿಷು. ತಾತನಿಗೆ ಪೈಪು ಕಲಿಸಿದವರೇ ಅವರು. ಮೂರನೆಯವರು ಸಾರಥಿ ಮಾಮ. ತಮಿಳು ಅಯ್ಯಂಗಾರರು, ಅಂಬತ್ತೂರಿನ ಒಂದು ಎಸೆನ್ಸ್ ಕಂಪನಿಯಲ್ಲಿ ಪರಿಮಳಗಳನ್ನು ಪರೀಕ್ಷಿಸುವ ವಿಭಾಗದ ಮುಖ್ಯಸ್ಥರು. ಬಿಸ್ಕತ್ತಿಗೆ ಏಲಕ್ಕಿ, ಮಿಠಾಯಿಗೆ ಮಾವಿನಹಣ್ಣು, ಐಸ್‌ಕ್ರೀಮಿಗೆ ವೆನಿಲ್ಲಾ ಎಲ್ಲ ಅವರ ಕಂಪನಿಯ ಸೀಸೆಗಳಿಂದ ಬರುತ್ತಿತ್ತು. ಅವರು ಪೈಪು ಸೇದುತ್ತಿದ್ದುದು ಬಹಳ ಕಡಿಮೆ. ಬರುತ್ತಿದ್ದುದು ಮಾತಿಗಾಗಿ. ಯಾವುದಾದರೂ ಹೊಸ ತಂಬಾಕು ಬಂದರೆ ಅದರ ಪರೀಕ್ಷೆಯನ್ನು ನಡೆಸಿಕೊಡುವವರು ಅವರೇ. ಅವರದ್ದೊಂದು ಕಟ್ಟುನಿಟ್ಟಿನ ಕ್ರಮ. ಡಬ್ಬಿ ತೆರೆದ ಕೂಡಲೇ ಯಾರೂ ಮಾತಾಡಕೂಡದು. ಮೊದಲು ಮೂಸಬೇಕು, ಆಮೇಲೆ ಒಂದು ಚಿಟಿಕೆ ಎಲೆಯನ್ನು ಬೆರಳಲ್ಲಿ ಉಜ್ಜಿ ತೇವ ಎಷ್ಟಿದೆ ನೋಡಬೇಕು. ಪೈಪಿನ ಬಟ್ಟಲಿಗೆ ತಳದಲ್ಲಿ ಸಡಿಲವಾಗಿ, ಮೇಲೆ ಸ್ವಲ್ಪ ಬಿಗಿಯಾಗಿ ತುಂಬಿ, ಒಂದು ಸಲ ಸುಮ್ಮನೆ ಹೊತ್ತಿಸಿದ ಬೆಂಕಿಕಡ್ಡಿ ಆಡಿಸಿ, ಎಲೆ ಉಬ್ಬಿ ಮೇಲೆದ್ದ ಮೇಲೆ ಅದುಮಿ, ಎರಡನೆಯ ಸಲ ನಿಜವಾಗಿ ಹಚ್ಚಬೇಕು. ಹೊಗೆಯನ್ನು ಬಾಯಲ್ಲಿ ಇಟ್ಟುಕೊಳ್ಳಬೇಕು, ಎದೆಗೆ ಎಳೆಯಬಾರದು. ಇಷ್ಟಾದ ಮೇಲೆ ಮಾತು. ಆ ಮಾತಿಗೂ ಒಂದು ನಿಯಮವಿತ್ತು.

“ನಲ್ಲಾ ಇರುಕ್ಕು, ನಲ್ಲಾ ಇಲ್ಲೆ ಅಂತ ಆಮೇಲೆ ಹೇಳಿ. ಮೊದಲು ಅದರಲ್ಲಿ ಏನೇನಿದೆ ಅದನ್ನ ಹೇಳಿ.”

ಚೆನ್ನಾಗಿದೆ, ಚೆನ್ನಾಗಿಲ್ಲ ಅನ್ನುವುದನ್ನು ಆಮೇಲೆ ಹೇಳುವ ಅಭ್ಯಾಸ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ. ಅಜ್ಜಿಗೆ ಎಲ್ಲವೂ ಹೊಸ್ತಿಲಲ್ಲೇ ತೀರ್ಮಾನವಾಗಿಬಿಡುತ್ತಿತ್ತು. ಸೀಮೆಸುಣ್ಣ ಹಿಡಿದು ನೆಲದ ಮೇಲೆ ಗೀಚುತ್ತಾ ಕೂತಿರುತ್ತಿದ್ದ ನನಗೆ ಈ ಮಾತು ಆಟದ ನಿಯಮದ ಹಾಗೆ ಹಿಡಿಸಿಬಿಟ್ಟಿತು.

ಆ ಭಾನುವಾರ ನೋಯೆಲ್ ಅಂಕಲ್ ಒಂದು ಚಪ್ಪಟೆ ಡಬ್ಬಿ ತಂದರು. ಅವರ ತಂಗಿ ಇಂಗ್ಲೆಂಡಿನಿಂದ ಬಂದಿದ್ದಳು, ಅವಳ ಉಡುಗೊರೆ. ಅಷ್ಟು ದಿನ ಅವರು ಸೇದುತ್ತಿದ್ದುದೆಲ್ಲ ಚೆರ್ರಿಯೋ ವೆನಿಲ್ಲಾವೋ ಬೆರೆಸಿದ ಸಿಹಿ ತಂಬಾಕು. ಇದರ ಮುಚ್ಚಳವನ್ನು ನಾಣ್ಯದ ಅಂಚಿನಿಂದ ಮೀಟಿದಾಗ ‘ಸುಯ್’ ಎಂದು ಗಾಳಿ ಹೊರಟು, ಅದರ ಹಿಂದೆಯೇ ಬಂದ ವಾಸನೆಗೆ ತಾತ ಕುರ್ಚಿಯನ್ನು ಹಿಂದಕ್ಕೆ ಸರಿಸಿದರು. ಒಳಗಿದ್ದುದು ಹೆಚ್ಚುಪಾಲು ಕಪ್ಪು. ನಡುನಡುವೆ ಕಂದು ಬಣ್ಣದ ಎಳೆಗಳು, ಎಲ್ಲೋ ಒಂದೊಂದು ಹಳದಿ. ಸಾರಥಿ ಮಾಮ ಕಪ್ಪು ಎಳೆಯೊಂದನ್ನು ಬೆಳಕಿಗೆ ಹಿಡಿದರು. ಇದು ಲಟಾಕಿಯಾ ಅಂದರು. ಸಿರಿಯಾ ದೇಶದ ಒಂದು ಬಂದರಿನ ಹೆಸರು. ಎಲೆಗೂ ಅದೇ ಹೆಸರು ಬಿದ್ದಿದೆ. ಅಲ್ಲೂ ಪಕ್ಕದ ಸೈಪ್ರಸ್ ದ್ವೀಪದಲ್ಲೂ ಒಣಗಿದ ಎಲೆಯನ್ನು ಕೊಟ್ಟಿಗೆಯಲ್ಲಿ ತೂಗುಹಾಕಿ, ಕೆಳಗೆ ಸಣ್ಣ ಉರಿಯಲ್ಲಿ ಸೌದೆ ಹಾಕಿ, ವಾರಗಟ್ಟಲೆ ಹೊಗೆ ಕೊಡುತ್ತಾರೆ. ಎಲೆ ಹೊಗೆಯನ್ನು ಕುಡಿದು ಕುಡಿದು ಹೀಗೆ ಕಪ್ಪಾಗುತ್ತದೆ. ಸಾಮಾನ್ಯವಾಗಿ ಬೇರೆ ಎಲೆಗಳ ಜೊತೆ ಸ್ವಲ್ಪವೇ ಬೆರೆಸುತ್ತಾರೆ. ಇದರಲ್ಲಿ ಬೆರೆಸಿದವನ ಕೈ ತುಂಬ ಧಾರಾಳ.

ಪೈಪುಗಳು ಹೊತ್ತಿದವು. ಹೊಗೆ ದಟ್ಟವಾಗಿ, ನಿಧಾನವಾಗಿ ಎದ್ದು ಚಪ್ಪರದ ಗರಿಗಳಲ್ಲಿ ಸಿಕ್ಕಿಕೊಂಡಿತು. ತಾತ ನಿಯಮವನ್ನು ನೆನೆಸಿಕೊಂಡು, “ಟಾರು ಇದೆ. ಸುಟ್ಟ ಟಯರಿದೆ. ಬೇರೇನೂ ಕಾಣ್ತಿಲ್ಲ” ಅಂದರು. ನೋಯೆಲ್ ಅಂಕಲ್ ಕಣ್ಣು ಮುಚ್ಚಿದ್ದರು.

“ನೋ, ನೋ. ಇದು ಚರ್ಚ್ ಸಾರ್. ಈಸ್ಟರ್ ದಿನದ ಚರ್ಚ್. ನಲ್ಲಾ ಪಾರುಂಗೋ,” ಚೆನ್ನಾಗಿ ನೋಡಿ ಅಂದರು.

“ನಿಮ್ಮ ಚರ್ಚಿನಲ್ಲಿ ಟಯರು ಸುಡ್ತಾರಾ?”

ಇಬ್ಬರೂ ನಗುತ್ತಿದ್ದರೂ ಒಳಗೆ ಸಣ್ಣದೊಂದು ಜಗಳ ಮೂಡುತ್ತಿತ್ತು. ಉಡುಗೊರೆಯಾಗಿ ಬಂದದ್ದನ್ನು ಟಯರು ಅಂದದ್ದು ನೋಯೆಲ್ ಅಂಕಲ್‌ಗೆ ನಾಟಿತ್ತು. ಸಾರಥಿ ಮಾಮ ಸುಮ್ಮನೆ ಸೇದುತ್ತಾ, ಇದರಲ್ಲಿ ಕೆಳಗೆ ಇನ್ನೇನೋ ಇದೆ, ಕೈಗೆ ಸಿಗುತ್ತಿಲ್ಲ ಅನ್ನುತ್ತಿದ್ದರು. ಅಷ್ಟರಲ್ಲಿ ಮೆಟ್ಟಿಲ ಮೇಲೆ ಅಜ್ಜಿಯ ಉಸಿರು ಕೇಳಿಸಿತು. ಅಜ್ಜಿ ಮೊಟ್ಟೆಮಾಡಿಗೆ ಬಂದದ್ದನ್ನು ನಾನು ನೋಡಿದ್ದು ಅದೇ ಮೊದಲು. ಕೈಯಲ್ಲಿ ಒಂದು ಬಿಂದಿಗೆ ನೀರು. ಹಿಂದೆ ಅತ್ತೆ, ಅವಳ ಕೈಯಲ್ಲೂ ಒಂದು.

“ಎಲ್ಲಿ ಬೆಂಕಿ ಬಿದ್ದಿದೆ?” ಅಂದರು ಅಜ್ಜಿ.

ಎಲ್ಲೂ ಬಿದ್ದಿಲ್ಲ, ಹೊಸ ತಂಬಾಕು ಅಂತ ತಾತ ಡಬ್ಬಿ ತೋರಿಸಿದರು. ಅಜ್ಜಿ ಬಿಂದಿಗೆಯನ್ನು ಕೆಳಗಿಟ್ಟು, ಸೆರಗಿನಿಂದ ಮೂಗು ಮುಚ್ಚಿಕೊಂಡು, ಇಡೀ ಮನೆಗೆ ಹೊಗೆ ತುಂಬಿದೆ, ದೇವರ ಕೋಣೆಯ ಬಾಗಿಲು ಹಾಕಿ ಬಂದೆ ಅಂತ ಶುರುಮಾಡಿದರು. ಅತ್ತೆ ಮಾತ್ರ ಬಿಂದಿಗೆ ಹಿಡಿದುಕೊಂಡೇ ನಿಂತಿದ್ದಳು. ಮುಖ ಸ್ವಲ್ಪ ಮೇಲೆತ್ತಿತ್ತು. ಆ ಮುಖ ನನಗೆ ಗೊತ್ತಿತ್ತು. ಸಾರಿಗೆ ಉಪ್ಪು ಬೀಳದಿದ್ದಾಗಿನ ಮುಖ.

“ಎರಡು ಹೊಗೆ ಇದೆ,” ಅಂದಳು. ಯಾರಿಗೆ ಹೇಳಿದ್ದೆಂದು ತಿಳಿಯಲಿಲ್ಲ. “ಈಗ ಉರೀತಾ ಇರೋ ಎಲೇದು ಒಂದು. ಇನ್ನೊಂದು ಹಳೇದು, ಸೌದೇದು. ಆ ಸೌದೇಲಿ ಅಂಟು ಇದೆ. ಸಾಂಬ್ರಾಣಿ ಥರ.”

ಸಾರಥಿ ಮಾಮ ಬಾಯಿಂದ ಪೈಪು ತೆಗೆದರು. ಆ ಕೊಟ್ಟಿಗೆಗಳಲ್ಲಿ ಪೈನ್ ಮರ ಸುಡುತ್ತಾರೆ, ಅದರಲ್ಲಿ ಅಂಟು ಇರುತ್ತದೆ ಅಂತ ಮೆಲ್ಲಗೆ ಹೇಳಿ, ಡಬ್ಬಿಯನ್ನು ಅತ್ತೆಯ ಕಡೆಗೆ ಚಾಚಿದರು. “ಕೊಂಜಂ ಪಾರಮ್ಮಾ,” ಸ್ವಲ್ಪ ನೋಡಮ್ಮಾ ಅಂದರು. ಅಜ್ಜಿ ಬೇಡ ಅಂದರು. ಅತ್ತೆ ಬಿಂದಿಗೆಯನ್ನು ಇಳಿಸಿ, ಕೈಯನ್ನು ಸೀರೆಗೆ ಒರೆಸಿಕೊಂಡು ಡಬ್ಬಿ ತೆಗೆದುಕೊಂಡಳು. ಗಂಡನ ಮನೆಯಿಂದ ಬಂದ ಮೇಲೆ ಅವಳು ತಾಯಿಯ ಮಾತು ಮೀರಿದ್ದನ್ನು ನಾನು ನೋಡಿರಲಿಲ್ಲ. ಮೂಗನ್ನು ಡಬ್ಬಿಗೆ ಅಂಟಿಸಲಿಲ್ಲ. ಸ್ವಲ್ಪ ದೂರದಲ್ಲೇ ಹಿಡಿದು, ಬಿಟ್ಟುಬಿಟ್ಟು, ಸಣ್ಣದಾಗಿ ಉಸಿರೆಳೆದಳು. ಆಮೇಲೆ ತಮಿಳಿನಲ್ಲಿ, ನಡುನಡುವೆ ಕನ್ನಡ ಸೇರಿಸಿ ಹೇಳಿದಳು. ಮೊದಲು ಚರ್ಮ, ಮಳೆಯಲ್ಲಿ ನೆನೆದ ಚಪ್ಪಲಿಯಂಥದು. ಆಮೇಲೆ ಸಾಂಬ್ರಾಣಿ. ಒಂದು ಉಪ್ಪು ಉಪ್ಪು, ಸಮುದ್ರದ ಕಡೆಯದು. ಇವೆಲ್ಲದರ ಕೆಳಗೆ ಒಣದ್ರಾಕ್ಷಿ ಇದೆ, ಹೊಸ ಹುಲ್ಲು ಇದೆ, ಹಳೇ ಹುಣಸೆಯ ಹುಳಿ ಇದೆ. ಕೊನೆಗೆ ಏನೋ ಹೂವು ಅಂದಳು, ಸಂಪಿಗೆ ಇರಬಹುದು ಅಂದಳು. ಅದು ಮಾತ್ರ ತಪ್ಪು. ಹೂವು ನೋಯೆಲ್ ಅಂಕಲ್ ಹಚ್ಚಿಕೊಂಡಿದ್ದ ಕೇಶತೈಲದ್ದು. ಎಲ್ಲರೂ ನಕ್ಕರು, ಅತ್ತೆಯೂ ನಕ್ಕಳು.

“ಶರಿ, ಏನೇನಿದೆ ಅಂತ ಹೇಳಿದೆ,” ಅಂದರು ಸಾರಥಿ ಮಾಮ. “ಚೆನ್ನಾಗಿದೆಯಾ?”

ಅತ್ತೆ ತಾತನ ಕಡೆ ನೋಡಿದಳು, ನೋಯೆಲ್ ಅಂಕಲ್ ಕಡೆ ನೋಡಿದಳು.

“ಮಾಡಿದವರಿಗೆ ಎಲೆ ಗೊತ್ತು. ಆದ್ರೆ ಮೇಲಿಂದು ಕೆಳಗಿಂದನ್ನ ಮಾತಾಡೋಕೆ ಬಿಡ್ತಾ ಇಲ್ಲ. ಉಪ್ಪಿನಕಾಯಿ ಹಾಕಿದ ದಿನಾನೇ ತಿಂದ್ರೆ ಬರೀ ಖಾರ ಹತ್ತುತ್ತಲ್ಲ, ಹಂಗೆ. ಮುಚ್ಚಿಡಿ. ಇನ್ನೊಂದು ವರ್ಷ ಹೋದ್ರೆ ಈ ಹೊಗೆ ತಗ್ಗಿ ದ್ರಾಕ್ಷಿ ಮೇಲೆ ಬರುತ್ತೆ.”

ತಾತ ಟಯರು ಅಂದದ್ದೂ ಸುಳ್ಳಾಗಲಿಲ್ಲ, ನೋಯೆಲ್ ಅಂಕಲ್‌ನ ಚರ್ಚೂ ಸುಳ್ಳಾಗಲಿಲ್ಲ. ನೋಯೆಲ್ ಅಂಕಲ್ ಡಬ್ಬಿಯ ಮುಚ್ಚಳವನ್ನು ಜೋಪಾನವಾಗಿ ಒತ್ತಿ ಹಾಕಿ, ಮೇಣ ಸುರಿದು ಇಡ್ತೀನಿ ಅಂದರು. ನನಗೆ ನೆನಪಿರುವುದು ಅತ್ತೆಯ ದನಿ. ಅದು ಎಂದಿನ ದನಿಯಾಗಿರಲಿಲ್ಲ. ಯಾರ ಅನುಮತಿಗೂ ಕಾಯದೆ, ಯಾರನ್ನೂ ನೋಯಿಸಬೇಕೆಂದೂ ಇಲ್ಲದೆ, ಇರುವುದನ್ನು ಇದ್ದ ಹಾಗೆ ಎದುರಿಗೆ ಇಡುವ ದನಿ. ದೊಡ್ಡವಳಾದರೆ ಹಾಗೆ ಮಾತಾಡಬೇಕು ಅಂತ ನನಗೆ ಅನ್ನಿಸಿದ್ದು ಆ ಮಧ್ಯಾಹ್ನ.

ಮುಂದಿನ ವಾರ ಸಾರಥಿ ಮಾಮ ಮೊಟ್ಟೆಮಾಡಿಗೆ ಹೋಗದೆ ನಡುಮನೆಯಲ್ಲೇ ಕೂತು ಕಾಫಿ ಕುಡಿದರು. ತಮ್ಮ ವಿಭಾಗದಲ್ಲಿ ಒಂದು ಜಾಗವಿದೆ, ಸರೋಜಾ ಬಂದು ಪರೀಕ್ಷೆ ಕೊಡಲಿ ಅಂದರು. ಅಜ್ಜಿ ಅಡುಗೆಮನೆಯ ಬಾಗಿಲಲ್ಲೇ ನಿಂತು, ಅಲ್ಲಿ ಏನೇನು ಮೂಸಬೇಕಾಗುತ್ತೆ ಅಂತ ಕೇಳಿದರು. ಸಾರಥಿ ಮಾಮ ಸುಳ್ಳು ಹೇಳುವವರಲ್ಲ. ಏಲಕ್ಕಿ, ಕಿತ್ತಳೆ, ಗುಲಾಬಿ ಅಂತೆಲ್ಲ ಹೇಳಿ, ಸೂಪಿನ ಪುಡಿಗೆ ಹಾಕುವ ಕೋಳಿಯ ವಾಸನೆಯೂ ಇರುತ್ತೆ ಅಂದುಬಿಟ್ಟರು. ಅವರು ಹೋದ ಮೇಲೆ ನಡೆದ ಜಗಳ ನಮ್ಮ ಮನೆಯಲ್ಲಿ ನಾನು ಕಂಡ ದೊಡ್ಡ ಜಗಳಗಳಲ್ಲೊಂದು. ಅಪ್ಪ ಆಗಲಿ ಅಂದರು, ಅಮ್ಮ ಆಗಲೇಬೇಕು ಅಂದಳು. ಅಜ್ಜಿ ಒಬ್ಬರೇ ಅಷ್ಟೂ ಜನಕ್ಕೆ ಸಾಕಾಗುತ್ತಿದ್ದರು.

“ವೈಷ್ಣವರ ಮನೆ ಹೆಣ್ಣುಮಗಳು ಕೋಳಿ ಮೂಸಿ ಬಂದು ನನ್ನ ಅಡುಗೆಮನೇಲಿ ಕಾಲಿಡೋದಾ? ಅಷ್ಟಕ್ಕೂ ಅವಳಿಗೆ ಇಲ್ಲಿ ಏನು ಕಡಿಮೆಯಾಗಿದೆ?”

ಕೊನೆಯ ಪ್ರಶ್ನೆಗೆ ಅತ್ತೆಯೇ ಉತ್ತರ ಕೊಟ್ಟಳು. ದನಿ ಏರಿಸಲಿಲ್ಲ.

“ಊಟಕ್ಕೆ ಕಡಿಮೆಯಿಲ್ಲಮ್ಮ. ಪ್ರೀತಿಗೂ ಕಡಿಮೆಯಿಲ್ಲ. ಬೆಳಗ್ಗೆ ಎದ್ರೆ ಇವತ್ತು ಎಲ್ಲಿಗಾದ್ರೂ ಹೋಗ್ಬೇಕು ಅಂತ ಇರಲ್ಲ. ಅದೊಂದು ಕಡಿಮೆ.”

ಆಗ ಅಷ್ಟು ಹೊತ್ತೂ ಪತ್ರಿಕೆಯ ಹಿಂದೆ ಅಡಗಿದ್ದ ತಾತ ಬಾಯಿ ಬಿಟ್ಟರು.

“ನಾನು ಇಷ್ಟು ವರ್ಷ ಮೇಲೆ ಸೇದಿ ಕೆಳಗೆ ಬರ್ತೀನಿ. ನೀನು ಬಡಿಸ್ತೀಯ.”

“ಸ್ನಾನ ಮಾಡಿ ಬಂದ ಮೇಲೆ ಬಡಿಸ್ತೀನಿ.”

“ಅವಳೂ ಸ್ನಾನ ಮಾಡ್ತಾಳೆ.”

ಅಜ್ಜಿ ಒಪ್ಪಿದೆ ಅನ್ನಲಿಲ್ಲ. ಎದ್ದು ಒಳಗೆ ಹೋಗಿ ಬಾಳೆಕಾಯಿ ಹೆಚ್ಚತೊಡಗಿದರು. ನಮ್ಮ ಮನೆಯಲ್ಲಿ ಅದನ್ನೇ ಒಪ್ಪಿಗೆ ಅಂತ ತಿಳಿಯಬೇಕಿತ್ತು.

ಮೊದಲ ಪರೀಕ್ಷೆಯಲ್ಲಿ ಅತ್ತೆ ತೇರ್ಗಡೆಯಾಗಲಿಲ್ಲ. ಸಂಜೆ ಬಂದವಳು ಬಚ್ಚಲಲ್ಲಿ ಬಹಳ ಹೊತ್ತು ನೀರು ಹಾಕಿಕೊಂಡಳು. ಸಾಲಾಗಿ ಇಟ್ಟ ಸೀಸೆಗಳಲ್ಲಿ ಯಾವುದು ಬೇರೆ ಅಂತ ಗುರುತಿಸುವುದನ್ನೆಲ್ಲ ಸರಿಯಾಗಿ ಮಾಡಿದ್ದಳಂತೆ. ಆದರೆ ವಿವರಿಸು ಅಂದಾಗ ಒಂದಕ್ಕೆ ‘ಅಮ್ಮನ ಟ್ರಂಕು’ ಅಂದಿದ್ದಾಳೆ, ಇನ್ನೊಂದಕ್ಕೆ ‘ಮಳೆ ಬಂದ ದಿನದ ಸ್ಟೇಷನ್ನು’ ಅಂದಿದ್ದಾಳೆ. ಪರೀಕ್ಷೆ ಮಾಡಿದ ಉಳಿದ ಇಬ್ಬರಿಗೆ ಏನೂ ಅರ್ಥವಾಗಿಲ್ಲ. ಮೂಗು ಚಿನ್ನ, ಮಾತು ಇನ್ನೂ ನಿಮ್ಮ ಮನೆಯೊಳಗೇ ಇದೆ ಅಂತ ಹೇಳಿ, ಇನ್ನೊಂದು ಸಲ ಕರೆಯುವಂತೆ ಸಾರಥಿ ಮಾಮ ಮಾಡಿದ್ದರು. ಅತ್ತೆಗೆ ಅಳು ಬಂದಿರಲಿಲ್ಲ, ಸಿಟ್ಟು ಬಂದಿತ್ತು. ಸಿಟ್ಟು ಬಂದದ್ದೇ ಒಳ್ಳೆಯದು ಅಂತ ಅಮ್ಮ ನನ್ನ ಕಿವಿಯಲ್ಲಿ ಹೇಳಿದಳು.

ಅವತ್ತಿನಿಂದ ನನ್ನ ಮಧ್ಯಾಹ್ನಗಳು ಬದಲಾದವು. ಅತ್ತೆ ಹಳೇ ಪಂಚೆಯ ಚೂರುಗಳಲ್ಲಿ ಏನಾದರೂ ಗಂಟು ಕಟ್ಟುತ್ತಿದ್ದಳು: ಇಂಗು, ಕರ್ಪೂರ, ತೆಂಗಿನ ನಾರು, ಹುಣಸೆ, ರಬ್ಬರು, ಒದ್ದೆ ಸೀಮೆಸುಣ್ಣ. ಅದನ್ನು ತಾನೇ ಮೂಸಿ ವರ್ಣಿಸುವಳು. ನಾನು ಕಣ್ಣು ಮುಚ್ಚಿ, ಮೂಸದೆ, ಅವಳ ಮಾತು ಕೇಳಿಯೇ ವಸ್ತು ಯಾವುದೆಂದು ಹೇಳಬೇಕು. ನನಗೆ ತಿಳಿದರೆ ಆ ಮಾತು ಗೆದ್ದಿತು, ತಿಳಿಯದಿದ್ದರೆ ಸೋತಿತು. ಟ್ರಂಕು ಅನ್ನುವಂತಿಲ್ಲ, ಟ್ರಂಕಿನೊಳಗೆ ಏನಿದೆ ಅನ್ನಬೇಕು. ತುಕ್ಕು, ನುಸಿಗುಳಿಗೆ, ಗಂಜಿ ಹಾಕಿ ಮಡಚಿಟ್ಟ ಬಟ್ಟೆ. ಸ್ಟೇಷನ್ನು ಅನ್ನುವಂತಿಲ್ಲ; ಒದ್ದೆ ಸಿಮೆಂಟು, ಸೀಮೆಎಣ್ಣೆ, ಗೋಣಿಚೀಲ ಅನ್ನಬೇಕು. ಕೆಲವು ಸಲ ಕನ್ನಡದಲ್ಲಿ ಮಾತು ಸಿಗುತ್ತಿರಲಿಲ್ಲ, ತಮಿಳಿಗೆ ಹೋಗುತ್ತಿದ್ದೆವು. ಅಲ್ಲೂ ಸಿಗದಿದ್ದರೆ ಅತ್ತೆ ತನ್ನ ಹಳೇ ರಸಾಯನಶಾಸ್ತ್ರದ ಪುಸ್ತಕ ತೆಗೆಯುತ್ತಿದ್ದಳು. ಒಮ್ಮೆ ಅಜ್ಜಿ ಜಪದ ಮಣಿ ಬಿಟ್ಟು, ಬಾಗಿಲ ಸಂದಿನಿಂದ, “ಅದು ಮೆಂತ್ಯ ಅಲ್ವೇನೇ, ಅಷ್ಟೂ ಗೊತ್ತಾಗಲ್ವಾ?” ಅಂದರು. ಅತ್ತೆ ವರ್ಣಿಸಿದ್ದನ್ನು ಕೇಳಿಯೇ ಅವರಿಗೆ ತಿಳಿದಿತ್ತು. ಅತ್ತೆ ನನ್ನ ಕಡೆ ನೋಡಿ ಹುಬ್ಬು ಹಾರಿಸಿದಳು.

ಈಗ ನಾನು ವಡಪಳನಿಯ ಡಬ್ಬಿಂಗ್ ಸ್ಟುಡಿಯೋಗಳಿಗೆ ಕನ್ನಡ ಸಂಭಾಷಣೆ ಬರೆದುಕೊಡುವವಳು. ತೆರೆಯ ಮೇಲೆ ಬೇರೆ ಭಾಷೆಯ ಬಾಯಿ ಆಡುತ್ತಿರುತ್ತದೆ. ಅದರೊಳಗೆ ಏನಿದೆ ಅಂತ ನೋಡಿ, ಕೇಳುವವರಿಗೆ ಕಾಣುವ ಮಾತು ಹುಡುಕಬೇಕು. ಈ ಕೆಲಸವನ್ನು ಯಾರು ಕಲಿಸಿದರು ಅಂತ ಸ್ಟುಡಿಯೋದ ಹುಡುಗರು ಕೇಳಿದಾಗ ನನಗೆ ನೆನಪಾಗುವುದು ಪಂಚೆಯ ಚೂರಿನ ಆ ಗಂಟುಗಳು.

ಎರಡನೆಯ ಪರೀಕ್ಷೆಯಲ್ಲಿ ಅತ್ತೆ ಗೆದ್ದಳು. ಮುಂದೆ ಅವಳು ಆ ವಿಭಾಗವನ್ನೇ ನೋಡಿಕೊಂಡು ನಿವೃತ್ತಳಾದಳು, ಎಷ್ಟೋ ಹುಡುಗ ಹುಡುಗಿಯರಿಗೆ ಮೂಸುವುದನ್ನೂ ಮಾತಾಡುವುದನ್ನೂ ಕಲಿಸಿದಳು. ಇವತ್ತಿಗೂ ನಮ್ಮ ಫ್ಲ್ಯಾಟಿನ ಕೆಳಗಿನ ಮನೆಯಲ್ಲಿದ್ದಾಳೆ, ಅಕ್ಕಪಕ್ಕದವರ ಗ್ಯಾಸು ಸೋರಿದರೆ ಅವರಿಗಿಂತ ಮೊದಲು ಅವಳಿಗೆ ಗೊತ್ತಾಗುತ್ತದೆ. ಆದರೆ ನನ್ನ ಕಣ್ಣಿಗೆ ಕಟ್ಟಿರುವುದು ಅವಳು ಕೆಲಸಕ್ಕೆ ಹೊರಟ ಮೊದಲ ಬೆಳಗು. ಹಸಿರು ವಾಯಿಲ್ ಸೀರೆ, ಕೈಯಲ್ಲಿ ಊಟದ ಡಬ್ಬಿ. ತಾತ ಸ್ಟೇಷನ್ನಿನವರೆಗೂ ಬಿಡಲು ಚಪ್ಪಲಿ ಮೆಟ್ಟಿ ನಿಂತಿದ್ದರು. ಅಜ್ಜಿ ಒಂದು ಮೊಳ ಮಲ್ಲಿಗೆ ಹಿಡಿದು ಬಂದರು. ಗಂಡನನ್ನು ಬಿಟ್ಟು ಬಂದವಳಿಗೆ ಹೂವೇಕೆ ಅಂತ ನೆಂಟರು ಪಿಸುಗುಟ್ಟಿದಾಗಿನಿಂದ, ಅಜ್ಜಿ ಒಂದು ದಿನವೂ ತಪ್ಪದಂತೆ ತಮ್ಮ ಕೈಯಿಂದಲೇ ಅವಳಿಗೆ ಹೂ ಮುಡಿಸುತ್ತಿದ್ದರು.

“ಇವತ್ತಿಂದ ಹೂ ಬೇಡಮ್ಮ,” ಅಂದಳು ಅತ್ತೆ. “ಅಲ್ಲಿ ವಾಸನೆ ಅಡ್ಡ ಬರುತ್ತೆ. ಎಣ್ಣೆ ಪೌಡರು ಏನೂ ಹಾಕೋ ಹಾಗಿಲ್ಲ.”

ಅಜ್ಜಿ ಕೈಯಲ್ಲಿದ್ದ ಮಾಲೆಯನ್ನು ನೋಡಿದರು. ಮಗಳ ಬರಿ ಜಡೆಯನ್ನು ನೋಡಿದರು. ಇನ್ನೊಂದು ಜಗಳವಾಗುತ್ತದೆ ಅಂತ ನಾನು ಗೋಡೆಗೆ ಒರಗಿದೆ. ತಾತ ಗಡಿಯಾರ ನೋಡಿಕೊಂಡರು. ಅಜ್ಜಿ ಹಿತ್ತಲಿಗೆ ಹೋದರು. ಬಾವಿಯ ಪಕ್ಕದ ಗಿಡಗಳ ನಡುವೆ ಅವರ ಬೆನ್ನು ಬಹಳ ಹೊತ್ತು ಬಗ್ಗಿಯೇ ಇತ್ತು. ರೈಲು ತಪ್ಪುತ್ತೆ ಅಂತ ತಾತ ಎರಡು ಸಲ ಕೂಗಿದರು. ಬಂದಾಗ ಅಜ್ಜಿಯ ಕೈಯಲ್ಲಿ ಆಗತಾನೆ ನಾರಿನಲ್ಲಿ ಕಟ್ಟಿದ ಒಂದು ಗೇಣು ಕನಕಾಂಬರ ಇತ್ತು.

“ತಿರುಗು,” ಅಂದರು.

ಅತ್ತೆ ತಿರುಗಿ ನಿಂತಳು. ಅಜ್ಜಿ ಜಡೆಗೆ ಹೂ ಸಿಕ್ಕಿಸಿ, ಪಿನ್ನು ಒತ್ತಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿದರು.

“ಇದಕ್ಕೆ ವಾಸನೆ ಇಲ್ಲ,” ಅಂದರು. “ನಾನು ಮೂಸಿ ನೋಡಿದೀನಿ. ಹೋಗ್ಬಿಟ್ಟು ಬಾ.”